ಜಾನಿಯಿಂದ ಸಂಗಮದವರೆಗೆ: ಒಂದು ಕಳ್ಳತನದ ಕಥೆ ಕನ್ನಡಕ್ಕೆ ಬಂದ ಬಗೆ

ತುಮಕೂರು ರಸ್ತೆಯಲ್ಲಿ ಪೀಣ್ಯ, ದಾಸರಹಳ್ಳಿ, ನಾಗಸಂದ್ರಗಳನ್ನು ದಾಟಿದರೆ ನೆಲಮಂಗಲಕ್ಕೆ ಮೊದಲು ಮಾದನಾಯಕನಹಳ್ಳಿ ಸಿಗುತ್ತದೆ. ಹಳ್ಳಿ ಎಂಬುದು ಈಗ ಹೆಸರಿನಲ್ಲಷ್ಟೇ ಉಳಿದಿದೆ. ಊರೆಲ್ಲ ಕಾರ್ಖಾನೆ, ಗೋದಾಮು, ಬಾಡಿಗೆ ವಠಾರ. ಪಾಳಿ ಮುಗಿಸಿ ಬಂದವರು ಚಹಾದಂಗಡಿಯ ಮುಂದೆ ನಿಂತರೆ ಉತ್ತರ ಕರ್ನಾಟಕದ ಮಾತು, ತೆಲುಗು, ತಮಿಳು, ದಖನಿ ಉರ್ದು, ಬಿಹಾರದ ಹಿಂದಿ ಒಟ್ಟಿಗೆ ಕೇಳುತ್ತವೆ. ಇಷ್ಟು ಮಾತುಗಳ ನಡುವೆ ಎರಡು ಮುಖಗಳು ಮಾತ್ರ ಎಲ್ಲರಿಗೂ ಪರಿಚಿತ. ಒಂದು ನವೆಂಬರ್ ತಿಂಗಳಲ್ಲಿ ಹಳದಿ ಕೆಂಪು ಬಾವುಟದ ಪಕ್ಕ ಕಾಣುವ ರಾಜ್‌ಕುಮಾರ್. ಇನ್ನೊಂದು ಆಟೋಗಳ ಬೆನ್ನಿಗೆ ಅಂಟಿಕೊಂಡಿರುವ ಶಂಕರ್‌ನಾಗ್.

ಈ ಇಬ್ಬರೂ ಜೊತೆಯಾಗಿ ನಟಿಸಿದ ಚಿತ್ರ 1984ರ ‘ಅಪೂರ್ವ ಸಂಗಮ’. ವೈ.ಆರ್. ಸ್ವಾಮಿ ನಿರ್ದೇಶಿಸಿದ, ಉಪೇಂದ್ರಕುಮಾರ್ ಸಂಗೀತವಿದ್ದ ಈ ಚಿತ್ರ ಕನ್ನಡದ ಸ್ವಂತ ಕಥೆಯಲ್ಲ, ಹಿಂದಿಯ ‘ಜಾನಿ ಮೇರಾ ನಾಮ್’ ಚಿತ್ರದ ರಿಮೇಕ್. ನಮ್ಮ ವಿಮರ್ಶಕರು ರಿಮೇಕ್ ಎಂಬ ಮಾತನ್ನು ಬೈಗುಳದಂತೆಯೇ ಬಳಸುತ್ತ ಬಂದಿದ್ದಾರೆ. ಆದರೆ ಒಂದು ಕಥೆ ಭಾಷೆಯಿಂದ ಭಾಷೆಗೆ ದಾಟುವಾಗ ಏನನ್ನು ಬಿಟ್ಟು ಬರುತ್ತದೆ, ಏನನ್ನು ಹೊಸದಾಗಿ ಪಡೆಯುತ್ತದೆ ಎಂದು ನೋಡಿದರೆ ಆಯಾ ಭಾಷೆಯ ಜನ ಯಾವುದನ್ನು ಮುಖ್ಯವೆಂದು ತಿಳಿದಿದ್ದರು ಎಂಬುದು ಗೊತ್ತಾಗುತ್ತದೆ. ಆ ಮಟ್ಟಿಗೆ ರಿಮೇಕ್ ಕೂಡ ಚರಿತ್ರೆಯ ಆಕರವೇ.

ಮೂಲ ಚಿತ್ರ ತೆರೆಗೆ ಬಂದದ್ದು 1970ರಲ್ಲಿ. ನಿರ್ದೇಶಕ ವಿಜಯ್ ಆನಂದ್. ಮೂರು ವರ್ಷ ಮೊದಲು ‘ಜ್ಯೂಯಲ್ ಥೀಫ್’ ಮಾಡಿದ್ದವರು. ಪೊಲೀಸ್ ಅಧಿಕಾರಿಯೊಬ್ಬನ ಕೊಲೆಯಾಗುತ್ತದೆ, ಅವನ ಇಬ್ಬರು ಗಂಡುಮಕ್ಕಳು ಬೇರೆಯಾಗುತ್ತಾರೆ. ಒಬ್ಬ ಸಿ.ಐ.ಡಿ. ಅಧಿಕಾರಿಯಾಗಿ ಜಾನಿ ಎಂಬ ಸುಳ್ಳು ಹೆಸರಿನಲ್ಲಿ ಕಳ್ಳಸಾಗಣೆಯ ತಂಡದೊಳಗೆ ಸೇರುತ್ತಾನೆ. ಇನ್ನೊಬ್ಬ ಅದೇ ತಂಡದ ಬಲಗೈ. ನಡುವೆ ಆಭರಣಗಳನ್ನು ಊರಿಂದೂರಿಗೆ ಒಯ್ಯುವ ಚೆಲುವೆ. ಅವಳು ಆ ದಾರಿಗೆ ಬಂದದ್ದಕ್ಕೆ ಅವಳದೇ ಕಾರಣವಿದೆ. ಹಿಡಿಯಬೇಕಾದವನು ಅವಳನ್ನೇ ಪ್ರೀತಿಸುತ್ತಾನೆ. ನಳಂದದ ಅವಶೇಷಗಳ ನಡುವೆ, ರಾಜಗೀರ್‌ನ ತೂಗುಕುರ್ಚಿಯ ದಾರಿಯಲ್ಲಿ ಚಿತ್ರಿಸಿದ ಹಾಡು ಇಂದಿಗೂ ಜನರ ನೆನಪಿನಲ್ಲಿದೆ. ಚಿಕ್ಕಂದಿನಲ್ಲಿ ಆಡಿದ ಬಾಕ್ಸಿಂಗ್‌ನ ಪಟ್ಟುಗಳಿಂದಲೇ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಗುರುತು ಹಿಡಿಯುತ್ತಾರೆ.

ಹಿಡಿಯುವವರ ಮತ್ತು ಕದಿಯುವವರ ನಡುವಿನ ಪ್ರೀತಿ ನಮ್ಮ ದೇಶದ್ದೇ ಸರಕಲ್ಲ. ನಾರ್ಮನ್ ಜ್ಯೂಸನ್ 1968ರಲ್ಲಿ ಮಾಡಿದ ‘ದಿ ಥಾಮಸ್ ಕ್ರೌನ್ ಅಫೇರ್’ನಲ್ಲಿ ಬ್ಯಾಂಕ್ ದೋಚಿಸುವ ಸಿರಿವಂತ ಸ್ಟೀವ್ ಮೆಕ್ವೀನ್, ಅವನ ಬೆನ್ನು ಹತ್ತುವ ವಿಮಾ ತನಿಖೆಗಾರ್ತಿ ಫೇ ಡನವೇ. 1999ರಲ್ಲಿ ಜಾನ್ ಮೆಕ್‌ಟಿಯರ್ನನ್ ಅದನ್ನೇ ಪಿಯರ್ಸ್ ಬ್ರಾಸ್ನನ್ ಮತ್ತು ರೆನೆ ರುಸ್ಸೋ ಅವರೊಡನೆ ಮತ್ತೆ ಮಾಡಿದಾಗ ಬ್ಯಾಂಕಿನ ಹಣದ ಬದಲು ವಸ್ತುಸಂಗ್ರಹಾಲಯದಲ್ಲಿದ್ದ ಮೊನೆಯ ಚಿತ್ರ ಕಳುವಾಯಿತು. ಮೊದಲ ಚಿತ್ರದಲ್ಲಿ ನಾಯಕಿ ನಾಯಕನಿಗಿಂತ ಹತ್ತು ವರ್ಷಕ್ಕೂ ಚಿಕ್ಕವಳು. ಎರಡನೆಯದರಲ್ಲಿ ಇಬ್ಬರೂ ನಲವತ್ತೈದರ ಆಸುಪಾಸಿನವರು. ಕಥೆ ಅದೇ, ಆದರೆ ಹೆಣ್ಣು ಗಂಡು ಸಮಾನವಾಗಿ ಎದುರುಬದುರು ನಿಲ್ಲುವ ಕಾಲ ಬಂದಿತ್ತು.

‘ಜಾನಿ’ಯ ಪಯಣ ಬೇರೆ ದಿಕ್ಕಿನದು. 1972ರಲ್ಲಿ ತಮಿಳಿನ ‘ರಾಜಾ’ ಆಗಿ ಶಿವಾಜಿ ಗಣೇಶನ್, ಜಯಲಲಿತಾ ಅವರಿಗೆ ಸಿಕ್ಕಿತು. 1975ರಲ್ಲಿ ತೆಲುಗಿನ ‘ಎದುರುಲೇನಿ ಮನಿಷಿ’ಯಾಗಿ ಎನ್.ಟಿ. ರಾಮರಾವ್ ಅವರ ಪಾಲಾಯಿತು. ಕನ್ನಡಕ್ಕೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಅರವತ್ತರ ದಶಕದಲ್ಲಿ ಅ.ನ.ಕೃ. ಮೊದಲಾದವರ ಹೋರಾಟದ ಫಲವಾಗಿ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು. ಪರಭಾಷೆಯ ಕಥೆ ಕನ್ನಡದಲ್ಲಿ ಮಾತಾಡಬೇಕಾದರೆ ಕನ್ನಡದ ಕಲಾವಿದರೇ ಅದಕ್ಕೆ ಮೈಕೊಡಬೇಕಿತ್ತು. ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆಯ ವಿರುದ್ಧ ಆದೇಶ ನೀಡಿತು, 2017ರಿಂದ ಡಬ್ಬಿಂಗ್ ಚಿತ್ರಗಳು ಮತ್ತೆ ಬಂದವು. ಆ ತಡೆ ಸರಿಯೇ ತಪ್ಪೇ ಎಂಬ ವಾದ ಬೇರೆ. ಅದು ಇದ್ದ ಕಾಲದಲ್ಲಿ ರಿಮೇಕ್ ಎಂಬುದು ನಮ್ಮ ಅನುವಾದವಾಗಿತ್ತು ಎಂಬುದಂತೂ ನಿಜ.

ಅನುವಾದದ ಮೊದಲ ಗುರುತು ಹೆಸರಿನಲ್ಲೇ ಇದೆ. ‘ನನ್ನ ಹೆಸರು ಜಾನಿ’ ಎಂದು ಹಿಂದಿ ಚಿತ್ರ ನಾಯಕನನ್ನು, ಅವನ ಸೋಗನ್ನು ಮುಂದಿಡುತ್ತದೆ. ಕನ್ನಡದ ಶೀರ್ಷಿಕೆಯಲ್ಲಿ ನಾಯಕನೇ ಇಲ್ಲ. ಬೇರೆಯಾದವರು ಕೂಡುವ ಸುದ್ದಿಯಿದೆ. ಅಲ್ಲಿ ಮುಖ್ಯವಾದದ್ದು ಕಳ್ಳತನದ ಬೆಡಗು, ಇಲ್ಲಿ ಒಡೆದ ಮನೆ.

ಅಭಿನಯವೂ ಇದೇ ದಾರಿಯಲ್ಲಿ ಸಾಗಿತು. ದೇವ್ ಆನಂದ್ ಅಂದರೆ ವಾಲಿದ ಕತ್ತು, ಟೋಪಿ, ಉಸಿರು ಬಿಡದೆ ಸುರಿಯುವ ಮಾತು. ನಲವತ್ತೇಳರ ಆ ಮನುಷ್ಯ ಇಪ್ಪತ್ತೆರಡರ ಹೇಮಾಮಾಲಿನಿಯ ಹಿಂದೆ ಬಿದ್ದರೂ ಯಾರೂ ವಯಸ್ಸು ಲೆಕ್ಕ ಹಾಕಲಿಲ್ಲ. ಆ ಸ್ಟೈಲನ್ನು ಅನುವಾದಿಸಲು ಬರುವುದಿಲ್ಲ, ಅಣಕಿಸಬಹುದು ಅಷ್ಟೆ. ರಾಜ್‌ಕುಮಾರ್ ಅಣಕಿಸಲು ಹೋಗಲಿಲ್ಲ. ಹಾಗೆಂದು ಬೆಡಗು ಅವರಿಗೆ ಹೊಸದಾಗಿರಲಿಲ್ಲ. 1968ರ ‘ಜೇಡರಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೆ–ಭಗವಾನ್ ಅವರ ಚಿತ್ರಗಳಲ್ಲಿ ಸಿ.ಐ.ಡಿ. 999 ಆಗಿ ಕೋಟು ತೊಟ್ಟು ಕನ್ನಡಕ್ಕೆ ಬಾಂಡ್‌ನನ್ನು ತಂದವರು ಅವರೇ. ಆದರೆ 1984ರ ಹೊತ್ತಿಗೆ ಅವರಿಗೆ ಐವತ್ತೈದು. ನಾಡಿಗೆಲ್ಲ ಅವರು ಅಣ್ಣಾವ್ರು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ಆ ನಾಲಿಗೆಯಲ್ಲಿ ಪ್ರತಿ ಅಕ್ಷರಕ್ಕೂ ಅದರ ತೂಕ ಸಿಗುತ್ತಿತ್ತು. ದೇವ್ ಆನಂದ್‌ಗೆ ಕಿಶೋರ್ ಕುಮಾರ್ ದನಿಯಾದರೆ ರಾಜ್ ತಮ್ಮ ಹಾಡುಗಳನ್ನು ತಾವೇ ಹಾಡಿದರು. ಮಾತಾಡುವ ದನಿಯೇ ಹಾಡುವ ದನಿಯೂ ಆದಾಗ ಪ್ರೇಮದ ಚೇಷ್ಟೆಯಲ್ಲೂ ಒಂದು ಸಭ್ಯತೆ, ಮನೆಯವರೆಲ್ಲ ಕೂತು ನೋಡಬಹುದಾದ ಸಲಿಗೆ ಬರುತ್ತದೆ. ‘ಚಲಿಸುವ ಮೋಡಗಳು’ ಚಿತ್ರದಿಂದಲೇ ಅವರ ಜೋಡಿಯಾಗಿದ್ದ, ಕೇರಳದಿಂದ ಬಂದ ಅಂಬಿಕಾ ಈ ಸಲಿಗೆಗೆ ತಕ್ಕ ನಾಯಕಿ.

ಇನ್ನು ಪ್ರಾಣ್ ಇದ್ದ ಜಾಗಕ್ಕೆ ಬಂದವರು ಶಂಕರ್‌ನಾಗ್. ಪ್ರಾಣ್ ಹಿಂದೆ ಎರಡು ದಶಕಗಳ ಖಳನಾಯಕನ ನೆರಳಿತ್ತು. ಅವನು ಕೆಟ್ಟವನಲ್ಲ ಎಂದು ಪ್ರೇಕ್ಷಕರನ್ನು ನಂಬಿಸಬೇಕಿತ್ತು. ಶಂಕರ್ ಆಗ ಮೂವತ್ತು ತುಂಬದ ಹುಡುಗ, ‘ಆಟೋ ರಾಜ’. 1980ರಲ್ಲಿ ಕಾರುಗಳ್ಳರ ಕಥೆಯನ್ನೇ ‘ಮಿಂಚಿನ ಓಟ’ ಎಂದು ತಾವೇ ನಿರ್ದೇಶಿಸಿ, ಕಳ್ಳನೂ ಮನುಷ್ಯನೇ ಎಂದು ತೋರಿಸಿದ್ದವರು. ಹಾಗಾಗಿ ಅವರು ತೆರೆಯ ಮೇಲೆ ದಾರಿ ತಪ್ಪಿದರೂ ಪ್ರೇಕ್ಷಕರು ಮೊದಲೇ ಕ್ಷಮಿಸಿಬಿಟ್ಟಿದ್ದರು. ಮನೆಗೆ ಎಂದು ಮರಳುತ್ತಾನೆ ಎಂದು ಕಾಯುವುದಷ್ಟೇ ಉಳಿದಿತ್ತು. ಇಬ್ಬರ ನಡುವೆ ಇಪ್ಪತ್ತೈದು ವರ್ಷಕ್ಕೂ ಮೀರಿದ ಅಂತರ. ಅಣ್ಣತಮ್ಮಂದಿರಿಗೆ ಇದು ಹೊಂದದ ಲೆಕ್ಕ. ಆದರೆ ಕಂಪನಿ ನಾಟಕದ ಕನ್ನಡವೂ ಹೊಸ ರಂಗಭೂಮಿಯ ಕನ್ನಡವೂ ಎದುರಾದ ಗಳಿಗೆಯಾಗಿ ನೋಡಿದರೆ ಅದು ನಿಜಕ್ಕೂ ಅಪೂರ್ವವಾದ ಸಂಗಮವೇ.

ಈ ಚಿತ್ರ ಬಂದ ಕಾಲವನ್ನೂ ನೆನೆಯಬೇಕು. ಗೋಕಾಕ್ ವರದಿ ಸಲ್ಲಿಕೆಯಾದದ್ದು 1981ರಲ್ಲಿ. ರಾಜ್‌ಕುಮಾರ್ ಚಳವಳಿಗೆ ಧುಮುಕಿದ್ದು 1982ರಲ್ಲಿ. ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬ ಕೂಗು ಎದ್ದಾಗ ಉರ್ದು ಮನೆಮಾತಿನವರಿಗೆ ತಮ್ಮ ಶಾಲೆಗಳ ಬಗ್ಗೆ ಆತಂಕವಾಗಿತ್ತು. 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಜೀವಗಳೇ ಹೋದವು. ಭಾಷೆಯ ಹೆಸರಿನಲ್ಲಿ ಬೀದಿಗಳು ಒಡೆದ ಅದೇ ವರ್ಷಗಳಲ್ಲಿ ಸಿನಿಮಾ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿತ್ತು. ಅಲಿಫ್ ಬೇ ಮೊದಲು ಕಲಿತು ಅ ಆ ಇ ಈಗೆ ಬಂದ ನಮ್ಮಂಥವರಿಗೆ ‘ಸಂಗಮ’ ರಾಜ್ ಕಪೂರ್ ಚಿತ್ರದಿಂದ ಗೊತ್ತಿದ್ದ ಪದ. ‘ಅಪೂರ್ವ’ವನ್ನು ಕಲಿಸಿದ್ದು ರಾಜ್‌ಕುಮಾರ್. ಕಥೆ ಮೊದಲೇ ಗೊತ್ತಿದ್ದುದರಿಂದ ಕಿವಿ ಪೂರ್ತಿಯಾಗಿ ಮಾತಿನ ಮೇಲೇ ಇರುತ್ತಿತ್ತು. ‘ಭಾಯಿ’ ಎಂಬಲ್ಲಿ ‘ಅಣ್ಣ’ ಎಂದದ್ದು ಕೇಳಿಸಿದಾಗ ಎರಡೂ ನಮ್ಮವೇ ಎನಿಸುತ್ತಿತ್ತು. ಯಾವ ಆದೇಶವೂ ಇಲ್ಲದೆ ಒಂದು ಭಾಷೆ ಮನೆಯೊಳಕ್ಕೆ ಬರುವ ಬಗೆ ಇದು.

ಆ ಸಂಗಮ ಅಲ್ಲಿಗೇ ಮುಗಿಯಲಿಲ್ಲ. 1987ರಲ್ಲಿ ಸ್ಟೈನ್‌ಬೆಕ್ ಅವರ ‘ದಿ ಪರ್ಲ್’ ಆಧರಿಸಿ ಶಂಕರ್ ನಿರ್ದೇಶಿಸಿದ ‘ಒಂದು ಮುತ್ತಿನ ಕಥೆ’ಯಲ್ಲಿ ರಾಜ್ ಮುತ್ತು ಹುಡುಕುವವರಾದರು. ಹಿಂದಿನ ಚಿತ್ರದ ಒಡವೆ ರಂಜನೆಗಿತ್ತು; ಇಲ್ಲಿನ ಮುತ್ತು ಬಡವನ ಮನೆಗೆ ದುಃಖ ತರುತ್ತದೆ. 1990ರ ಸೆಪ್ಟೆಂಬರ್ 30ರಂದು ಶಂಕರ್ ತೀರಿಕೊಂಡದ್ದು ದಾವಣಗೆರೆ ಬಳಿಯ ಆನಗೋಡಿನಲ್ಲಿ, ಮಾದನಾಯಕನಹಳ್ಳಿಯನ್ನು ಹಾದುಹೋಗುವ ಇದೇ ಹೆದ್ದಾರಿಯಲ್ಲಿ. 2006ರ ಏಪ್ರಿಲ್‌ನಲ್ಲಿ ರಾಜ್ ಮಣ್ಣಾದದ್ದು ಈ ರಸ್ತೆಗೆ ಅಷ್ಟೇನೂ ದೂರವಲ್ಲದ ಕಂಠೀರವ ಸ್ಟುಡಿಯೊದಲ್ಲಿ. ಬೆಂಗಳೂರಿಗೆ ಮೆಟ್ರೊ ಬೇಕೆಂದು ಎಂಬತ್ತರ ದಶಕದಲ್ಲೇ ಶಂಕರ್ ಹೇಳುತ್ತಿದ್ದರೆಂದು ಒಡನಾಡಿಗಳು ನೆನೆಯುತ್ತಾರೆ. 2024ರ ನವೆಂಬರ್‌ನಲ್ಲಿ ಅದು ನಾಗಸಂದ್ರದಿಂದ ಮಾದಾವರಕ್ಕೆ ಬಂತು.

ಇಂದು ಯಾವ ಚಿತ್ರವನ್ನಾದರೂ ಯಾವ ಭಾಷೆಯಲ್ಲಾದರೂ ಮೊಬೈಲಿನಲ್ಲೇ ನೋಡಬಹುದು. ರಿಮೇಕಿನ ಅಗತ್ಯ ಬಹುಮಟ್ಟಿಗೆ ತೀರಿದೆ, ಅದಕ್ಕಾಗಿ ಅಳಬೇಕಿಲ್ಲ. ಆದರೆ ದನಿ ಬದಲಿಸಿದ ಮಾತ್ರಕ್ಕೆ ಕಥೆ ನಮ್ಮದಾಗುವುದಿಲ್ಲ. ಅದಕ್ಕೆ ನಮ್ಮ ನಡುವಿನ ಒಬ್ಬರು ಮೈ, ದನಿ, ನಡೆ ಕೊಡಬೇಕು. ಕದ್ದ ಒಡವೆಯ ಕಥೆಯನ್ನು ಕೂಡಿದ ಮನೆಯ ಕಥೆಯಾಗಿ ಬದಲಿಸಿದ ಆ ಇಬ್ಬರು ಕಲಾವಿದರನ್ನು ನಕಲು ಮಾಡಿದವರೆಂದು ಕರೆಯಲು ನಮಗೆ ನಾಲಿಗೆ ಬರುವುದಿಲ್ಲ.