ಮೇಯರ್ ಹುದ್ದೆ ಮತ್ತು ನಗರಾಡಳಿತ ಪದ್ಧತಿಯ ಬದಲಾವಣೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕದ ನಗರಗಳಲ್ಲಿ ಎರಡು ಆಡಳಿತ ಪದ್ಧತಿಗಳು ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಜನ ನೇರವಾಗಿ ಆರಿಸಿದ ಮೇಯರ್ ಇಲಾಖೆಗಳನ್ನು ನಡೆಸುತ್ತಾರೆ. ಇನ್ನೊಂದರಲ್ಲಿ ಚುನಾಯಿತ ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್ ಆಡಳಿತ ನಡೆಸುತ್ತಾರೆ, ಮೇಯರ್ ಬಹುಮಟ್ಟಿಗೆ ಸಭೆಯ ಅಧ್ಯಕ್ಷರಷ್ಟೇ. ಕರ್ನಾಟಕದ ಮಹಾನಗರ ಪಾಲಿಕೆಗಳ ಆಯುಕ್ತರು ರಾಜ್ಯ ಸರ್ಕಾರ ಕಳಿಸಿದ ಅಧಿಕಾರಿಗಳು. ಸಿಟಿ ಮ್ಯಾನೇಜರ್ ಹಾಗಲ್ಲ; ಅವರನ್ನು ನೇಮಿಸುವುದೂ ತೆಗೆಯುವುದೂ ಕೌನ್ಸಿಲ್ಲೇ. ನಗರದ ಮೂಲ ಕಾನೂನಾದ ಸನ್ನದನ್ನು ತಾವೊಬ್ಬರೇ ತಿದ್ದುವ ಅಧಿಕಾರ ಮೇಯರ್‌ಗೆ ಇಲ್ಲ. ಪದ್ಧತಿ ಬದಲಾಗಬೇಕಾದರೆ ಸಾಮಾನ್ಯವಾಗಿ ಮತದಾರರ ಒಪ್ಪಿಗೆ ಬೇಕು. ಆದ್ದರಿಂದ ಪದ್ಧತಿ ಬದಲಿಸಲು ಮೇಯರ್ ಸ್ಥಾನಕ್ಕೆ ನಿಂತವರ ಚರಿತ್ರೆಯನ್ನು ಸನ್ನದಿನ ಮೇಲಿನ ಜನಮತಗಣನೆಗಳ ಜೊತೆಗೇ ಓದಬೇಕು.

ಹಿನ್ನೆಲೆ

1900ರ ಸೆಪ್ಟೆಂಬರ್‌ನ ಚಂಡಮಾರುತ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ನಗರವನ್ನು ನೆಲಸಮ ಮಾಡಿತು. ಮರುವರ್ಷ ಅಲ್ಲಿ ಆಯೋಗ ಪದ್ಧತಿ ಬಂತು: ಕೆಲವೇ ಸದಸ್ಯರು, ಒಬ್ಬೊಬ್ಬರಿಗೆ ಒಂದೊಂದು ಇಲಾಖೆ. 1907ರಲ್ಲಿ ಐಯೋವದ ಡೆಮಾಯ್ನ್ ಇದನ್ನು ಅಳವಡಿಸಿಕೊಂಡ ಮೇಲೆ ಪದ್ಧತಿ ಬೇಗ ಹರಡಿತು. ಆದರೆ ಇಲಾಖೆಗಳೆಲ್ಲವನ್ನೂ ಒಟ್ಟಾಗಿ ನೋಡುವವರು ಯಾರೂ ಇಲ್ಲವೆಂಬ ಕೊರತೆಯೂ ಅಷ್ಟೇ ಬೇಗ ಕಾಣಿಸಿಕೊಂಡಿತು.

ಮೊದಲ ನಗರ ಯಾವುದು?

ಸಿಟಿ ಮ್ಯಾನೇಜರ್ ಪದ್ಧತಿಯನ್ನು ಮೊದಲು ತಂದ ಗೌರವವನ್ನು ಹಲವು ಗ್ರಂಥಗಳು ವರ್ಜೀನಿಯದ ಸ್ಟಾಂಟನ್‌ಗೆ ಕೊಡುತ್ತವೆ, ಇನ್ನು ಕೆಲವು ದಕ್ಷಿಣ ಕ್ಯಾರೊಲಿನದ ಸಮ್ಟರ್‌ಗೆ. ಎರಡು ಬೇರೆ ಸಂಗತಿಗಳನ್ನು ಒಂದೆಂದು ಎಣಿಸಿದ್ದರಿಂದ ಈ ಗೊಂದಲ ಹುಟ್ಟಿದೆ. 1908ರಲ್ಲಿ ಸ್ಟಾಂಟನ್‌ನ ಕೌನ್ಸಿಲ್ ಉಪವಿಧಿಯೊಂದರ ಮೂಲಕ ಜನರಲ್ ಮ್ಯಾನೇಜರ್ ಹುದ್ದೆ ಸೃಷ್ಟಿಸಿ, ಎಂಜಿನಿಯರ್ ಚಾರ್ಲ್ಸ್ ಆಶ್‌ಬರ್ನರ್ ಅವರನ್ನು ನೇಮಿಸಿತು. ಮೇಯರ್ ಹಾಗೂ ಎರಡು ಸದನಗಳ ಕೌನ್ಸಿಲ್ ಇದ್ದಲ್ಲೇ ಉಳಿದವು. ಹೊಸ ಹುದ್ದೆ ಬಂತು, ಆಡಳಿತ ಪದ್ಧತಿ ಬದಲಾಗಲಿಲ್ಲ.

ಈ ಹುದ್ದೆಯನ್ನು ಆಯೋಗದ ಚಿಕ್ಕ ಕೌನ್ಸಿಲ್‌ಗೆ ಜೋಡಿಸಿ ಪೂರ್ಣ ಸನ್ನದಿನ ರೂಪ ಕೊಟ್ಟವರು ಸುಧಾರಕ ರಿಚರ್ಡ್ ಚೈಲ್ಡ್ಸ್. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಎಂಬ ಸಣ್ಣ ನಗರದ ವ್ಯಾಪಾರಿ ಮಂಡಳಿ ಆ ಕರಡನ್ನು ತನ್ನದಾಗಿಸಿಕೊಂಡಿತು. 1911ರಲ್ಲಿ ರಾಜ್ಯ ಶಾಸನಸಭೆ ಅದನ್ನು ಒಪ್ಪಲಿಲ್ಲ. ಲಾಕ್‌ಪೋರ್ಟ್‌ನಲ್ಲಿ ಬಿದ್ದುಹೋದ ಕರಡು ಸಮ್ಟರ್‌ನಲ್ಲಿ ಫಲ ಕೊಟ್ಟಿತು. ಅಲ್ಲಿನ ಮತದಾರರು 1912ರಲ್ಲಿ ಒಪ್ಪಿಗೆಯಿತ್ತರು, 1913ರ ಜನವರಿಯಲ್ಲಿ ಹೊಸ ಆಡಳಿತ ಆರಂಭವಾಯಿತು. ಆದ್ದರಿಂದ ಮೊದಲ ಮ್ಯಾನೇಜರ್ ಸ್ಟಾಂಟನ್‌ನವರು, ಮೊದಲ ಮ್ಯಾನೇಜರ್ ಸನ್ನದು ಸಮ್ಟರ್‌ನದು ಎನ್ನುವುದೇ ಸರಿ.

ಡೇಟನ್ ಮತ್ತು ಪ್ರವಾಹ

ಒಹಾಯೊದ ಡೇಟನ್ ವಿಷಯದಲ್ಲೂ ಇಂಥ ಸರಳೀಕರಣವಿದೆ. 1913ರ ಮಾರ್ಚ್‌ನ ಪ್ರವಾಹವೇ ಹೊಸ ಪದ್ಧತಿಯನ್ನು ತಂದಿತೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ಆದರೆ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯ ಜಾನ್ ಪ್ಯಾಟರ್ಸನ್ 1896ರಲ್ಲೇ ನಗರವನ್ನು ಪರಿಣತರ ಕೈಗೆ ಒಪ್ಪಿಸಬೇಕೆಂದು ವಾದಿಸಿದ್ದರು. 1912ರಲ್ಲಿ ರಾಜ್ಯ ಸಂವಿಧಾನದ ತಿದ್ದುಪಡಿ ನಗರಗಳಿಗೆ ಸ್ವಂತ ಸನ್ನದು ಬರೆದುಕೊಳ್ಳುವ ಹಕ್ಕು ಕೊಟ್ಟಿತು. ದಾರಿ ಮೊದಲೇ ಸಿದ್ಧವಿತ್ತು. ಪ್ರವಾಹ ಕೆಲಸಕ್ಕೆ ವೇಗ ಕೊಟ್ಟಿತು. 1914ರ ಜನವರಿಯಲ್ಲಿ ಹೆನ್ರಿ ವೇಟ್ ಮ್ಯಾನೇಜರ್ ಆದರು. ಆ ವರ್ಷವೇ ಸಿಟಿ ಮ್ಯಾನೇಜರುಗಳ ಸಂಘ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಪದ್ಧತಿ ನೂರಾರು ಸಣ್ಣ, ಮಧ್ಯಮ ನಗರಗಳಿಗೆ ಹಬ್ಬಿತು.

ಇದರ ಇನ್ನೊಂದು ಮುಖವನ್ನೂ ದಾಖಲಿಸಬೇಕು. ವಾರ್ಡುಗಳನ್ನು ಕೈಬಿಟ್ಟು ಇಡೀ ನಗರದಿಂದ ಸದಸ್ಯರನ್ನು ಆರಿಸಿದ ಕಡೆಗಳಲ್ಲಿ ಕಾರ್ಮಿಕರ ಹಾಗೂ ಕಪ್ಪು ಜನರ ಬಡಾವಣೆಗಳು ಪ್ರಾತಿನಿಧ್ಯ ಕಳೆದುಕೊಂಡವು. ಹೊಸ ಪದ್ಧತಿ ಬಂದ ಮೇಲೆ 1910ರ ದಶಕದ ಡೇಟನ್‌ನಲ್ಲಿ ಸಮಾಜವಾದಿ ಪಕ್ಷಕ್ಕೆ ಗಣನೀಯ ಮತ ಬಂದರೂ ಒಂದು ಸ್ಥಾನವೂ ಸಿಗಲಿಲ್ಲ. 1982ರಲ್ಲಿ ಮತದಾನ ಹಕ್ಕು ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಇಂಥ ಚುನಾವಣೆಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಸುಲಭವಾಯಿತು.

ಮೇಯರ್ ಮರಳಿದ ಕಾಲ

20ನೆಯ ಶತಮಾನದ ಕೊನೆಯಲ್ಲಿ ಚಲನೆ ತಿರುಗಿತು. ನಗರ ಸೋತರೆ ಯಾರನ್ನು ಹೊಣೆ ಮಾಡಬೇಕೆಂಬ ಪ್ರಶ್ನೆಗೆ ಮ್ಯಾನೇಜರ್ ಪದ್ಧತಿಯಲ್ಲಿ ಸ್ಪಷ್ಟ ಉತ್ತರವಿಲ್ಲ ಎಂಬುದು ಹೊಸ ವಾದ. ಕ್ಯಾಲಿಫೋರ್ನಿಯದ ಓಕ್ಲೆಂಡ್‌ನಲ್ಲಿ 1998ರಲ್ಲಿ ಜೆರ್ರಿ ಬ್ರೌನ್ ಮೇಯರ್ ಆಗಿ ಗೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ, ಆಡಳಿತವನ್ನು ಮೇಯರ್ ಕೈಗೆ ಕೊಡುವ, ಅವರ ಬೆಂಬಲವಿದ್ದ ಎಕ್ಸ್ ಹೆಸರಿನ ಪ್ರಸ್ತಾವಕ್ಕೆ ಮತದಾರರು ಒಪ್ಪಿಗೆ ಕೊಟ್ಟರು. ಮೊದಲು ತಾತ್ಕಾಲಿಕವಾಗಿ ಬಂದ ಮೇಯರ್ ಆಡಳಿತವನ್ನು 2004ರಲ್ಲಿ ಕಾಯಂಗೊಳಿಸಲಾಯಿತು.

ವರ್ಜೀನಿಯದ ರಿಚ್ಮಂಡ್‌ನಲ್ಲಿ ಕ್ರಮ ಬೇರೆ. ಮಾಜಿ ಗವರ್ನರ್ ಡಗ್ಲಸ್ ವೈಲ್ಡರ್ ಮೊದಲು ಪದ್ಧತಿಗಾಗಿ ಹೋರಾಡಿದರು, ಆಮೇಲೆ ಹುದ್ದೆಗೆ ನಿಂತರು. 2003ರ ಜನಮತಗಣನೆ ನೇರ ಆಯ್ಕೆಯ ಮೇಯರ್ ಪರವಾಯಿತು, 2004ರಲ್ಲಿ ವೈಲ್ಡರ್ ಗೆದ್ದರು. ಗೆಲ್ಲಲು 9 ಜಿಲ್ಲೆಗಳಲ್ಲಿ ಕನಿಷ್ಠ 5ರಲ್ಲಿ ಮುನ್ನಡೆ ಬೇಕೆಂಬ ನಿಯಮ, ಹಳೆಯ ಪದ್ಧತಿಯ ಪ್ರಾತಿನಿಧ್ಯದ ಕೊರತೆ ಮರುಕಳಿಸದಂತೆ ಹಾಕಿದ ಕಟ್ಟುಪಾಡಾಗಿ ಮುಖ್ಯವಾದುದು.

ಕೊಲರಾಡೊದ ಪ್ವೆಬ್ಲೊ ಈ ಸರಣಿಯ ಸಣ್ಣ ನಗರ. ಅಲ್ಲಿನ ಮತದಾರರು 2017ರಲ್ಲಿ ಮ್ಯಾನೇಜರ್ ಪದ್ಧತಿ ಬಿಟ್ಟು ಮೇಯರ್ ಪದ್ಧತಿಯನ್ನು ಆರಿಸಿದರು. ಬದಲಾವಣೆಯ ಪ್ರಚಾರಕರಾಗಿದ್ದ ನಿಕ್ ಗ್ರಾಡಿಸಾರ್ 2019ರ ಆರಂಭದಲ್ಲಿ ಆ ಹುದ್ದೆಯನ್ನು ವಹಿಸಿಕೊಂಡರು. 2024ರ ಜನವರಿಯ ಮರುಸ್ಪರ್ಧೆಯಲ್ಲಿ ಅವರು ಸೋತರು, ಹುದ್ದೆ ಮುಂದುವರಿಯಿತು.

ಮೌಲ್ಯಮಾಪನ

ಈ ಮೂರು ನಗರಗಳಲ್ಲೂ ಅಭ್ಯರ್ಥಿಯ ವರ್ಚಸ್ಸು ವಿಷಯವನ್ನು ಜನರ ಮುಂದಿಟ್ಟಿತು, ತೀರ್ಮಾನ ಮಾತ್ರ ಪ್ರತ್ಯೇಕ ಮತಪತ್ರದಲ್ಲೇ ಆಯಿತು. ಪದ್ಧತಿ ಬದಲಾವಣೆಯ ನಿಜವಾದ ಪರೀಕ್ಷೆ ಅದನ್ನು ತಂದವರು ಗೆದ್ದಾಗಲ್ಲ, ಸೋತಾಗ ನಡೆಯುತ್ತದೆ. ವ್ಯಕ್ತಿ ಹೋದ ಮೇಲೂ ಹುದ್ದೆ ಉಳಿದರೆ ಅದು ನಗರದ್ದಾಯಿತೆಂದು ಹೇಳಬಹುದು.