ಸಾಲು ಮುರಿದವರು ಯಾರು?

ವಚನವನ್ನು ಓದುವಾಗ ಸಾಲು ಮುರಿದಲ್ಲಿ ನಾವು ಅರೆಗಳಿಗೆ ನಿಲ್ಲುತ್ತೇವೆ. ಆ ನಿಲುಗಡೆಯನ್ನು ಬಸವಣ್ಣನವರೇ ಗೊತ್ತುಮಾಡಿದರೆಂದು ಓದುಗರು ನಂಬುವುದು ಸಹಜ. ನಿಜಸ್ಥಿತಿ ಬೇರೆ.

ಹಳೆಯ ಲಿಪಿಕಾರನಿಗೆ ಸಾಲೆಂಬುದು ಜಾಗದ ಲೆಕ್ಕ, ಅರ್ಥದ ಲೆಕ್ಕವಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಕಲ್ಲಿನ ಅಂಚು ಬಂದಿತೆಂದು ಕಕುಸ್ಥನೆಂಬ ಅರಸನ ಹೆಸರೇ ತುಂಡಾಗಿದೆ: 'ಕ' ಮೇಲಿನ ಸಾಲಿಗೆ, ಉಳಿದುದು ಕೆಳಗಿನದಕ್ಕೆ. ತಾಡವೋಲೆಯ ರೀತಿಯೂ ಅದೇ. ದಾರದ ತೂತಿಗೆ ಎಡೆ ಬಿಟ್ಟು, ಅಂಚಿನವರೆಗೆ ಒಂದೇ ಓಟ. ಷಟ್ಪದಿಗೆ ಇದರಿಂದ ಬಾಧೆಯಿಲ್ಲ. ಮಾತ್ರೆಯ ಎಣಿಕೆ, ಆದಿಪ್ರಾಸಗಳು ಪಾದ ಎಲ್ಲಿ ಮುಗಿಯಿತೆಂಬುದನ್ನು ತಾವೇ ಹೇಳುತ್ತವೆ. ವಚನಕ್ಕೆ ಆ ಕಾವಲಿಲ್ಲ. ಅಂಕಿತ ಬಂದಾಗ ವಚನ ಮುಗಿಯಿತೆಂದು ತಿಳಿದೀತು. ನಡುವಣ ನಿಲುಗಡೆ ತಿಳಿಯದು.

1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು ಓಲೆಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದರು. ಅವರಿಂದ ಮೊದಲ್ಗೊಂಡು, 1993ರ ಸಮಗ್ರ ವಚನ ಸಂಪುಟಗಳಿಗಾಗಿ ದುಡಿದ ಧಾರವಾಡದ ಎಂ. ಎಂ. ಕಲಬುರ್ಗಿಯವರ ಕಾಲದವರೆಗೆ, ಸಾಲನ್ನು ಎಲ್ಲಿ ಮುರಿಯಬೇಕೆಂಬ ತೀರ್ಮಾನ ಸಂಪಾದಕರ ಪಾಲಿಗೇ ಬಂದಿತು. ಎಲ್ಲಿ ನಿಂತರೆ ಯಾವ ಮಾತಿಗೆ ಒತ್ತು ಬೀಳುವುದೆಂದು ಅವರು ಯೋಚಿಸಲೇಬೇಕು. ಆದ್ದರಿಂದ ಪ್ರತಿಯೊಂದು ಮುರಿತವೂ ಒಂದು ಕಿರುಭಾಷ್ಯವೆಂದೇ ನನ್ನ ಎಣಿಕೆ.

ಈಗ ಅದೇ ವಚನ ಗಣಕಯಂತ್ರದ ತೆರೆಗೆ ಬಂದಿದೆ. ಅಲ್ಲಿ ಪುಟ ಕಟ್ಟುವ ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಗೆ ನಾವು ಕೀಲಿ ಒತ್ತಿ ಮಾಡಿದ ಸಾಲು ಸಾಲೇ ಅಲ್ಲ. ಅದು ಬರಿಯ ತೆರಪು. ಮುರಿಯಬೇಕಾದಲ್ಲಿ 'ಬಿಆರ್' ಎಂಬ ಗುರುತನ್ನು ಇಡಬೇಕು. ಮುರಿಯಬಾರದ ಎಡೆಗೆ ಬೇರೊಂದು ಗುರುತುಂಟು, 'ಫ.ಗು.' ಒಂದು ಸಾಲಿನಲ್ಲಿ, 'ಹಳಕಟ್ಟಿ' ಇನ್ನೊಂದರಲ್ಲಿ ಬೀಳದಂತೆ ಅದು ಹಿಡಿದಿಡುತ್ತದೆ. ಗುರುತಿಡುವುದನ್ನು ಮರೆತರೆ ವಚನ ಮತ್ತೆ ಓಲೆಯ ಕಾಲಕ್ಕೆ ಮರಳುತ್ತದೆ: ಕೈಯಲ್ಲಿರುವ ಮೊಬೈಲಿನ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ.

ಇದರಿಂದ ವಚನ ಕೆಟ್ಟಿತೆಂದು ನಾನು ಹೇಳಲಾರೆ. ಶತಮಾನಗಳವರೆಗೆ ಅದು ಹಾಗೆಯೇ ಬಾಳಿ ಬಂದಿದೆ. ಕೆಡುವುದು ಸಂಪಾದಕರ ದುಡಿಮೆ. ಒಬ್ಬ ವಿದ್ವಾಂಸ ವರುಷಗಟ್ಟಲೆ ಓದಿ ಮಾಡಿದ ತೀರ್ಮಾನವು ಒಂದು ನಕಲಿನಲ್ಲಿ ಸದ್ದಿಲ್ಲದೆ ಅಳಿದುಹೋಗುತ್ತದೆ. ವಚನವನ್ನು ತೆರೆಗೇರಿಸುವವರು ಯಾವ ಆವೃತ್ತಿಯ ಸಾಲುಗಳನ್ನು ಅನುಸರಿಸಿದೆವೆಂದು ಅಡಿಯಲ್ಲಿ ಒಂದು ಮಾತು ಬರೆಯಲಿ. ಮಾತು ಶರಣರದು, ಸಾಲು ಸಂಪಾದಕರದು ಎಂಬ ವಿವೇಕ ಆಗ ಓದುಗನಿಗೂ ಉಳಿದೀತು.