ಹೃದಯ, ಲಕ್ವ, ಖಿನ್ನತೆ: ಮೂರನ್ನೂ ಬೆಸೆಯುವ ‘ಆಕ್ಸಿಡೇಟಿವ್ ಸ್ಟ್ರೆಸ್’ ಅಂದರೇನು?

ತುರುವೇಕೆರೆ ಹತ್ತಿರದ ನಮ್ಮೂರಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆದದ್ದು 2023ರಲ್ಲಿ. ಅಟ್ಟದ ಮೇಲೆ ಕೊಬ್ಬರಿ ಇತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಅದಕ್ಕಿಂತ ಬಹಳ ಕೆಳಗೆ. ಮೂರು ತಿಂಗಳಲ್ಲಿ ಬಲಗೈ ಒಂದಷ್ಟು ಸರಿಹೋಯಿತು. ಮಾತು ಮಾತ್ರ ನಿಂತೇ ಹೋಯಿತು. ನಾಲಿಗೆ ನೆಟ್ಟಗಿತ್ತು, ಮಾತಾಡೋಕೆ ಮನಸ್ಸಿರಲಿಲ್ಲ. ತೋಟಕ್ಕೆ ಹೋಗೋದು ಬಿಟ್ಟರು. ‘ಬೇಜಾರು ಇದ್ದೇ ಇರುತ್ತೆ ಬಿಡಿ’ ಅಂದೆವು, ನಾನೂ ಅಂದೆ. ತಪಾಸಣೆಗೆ ಹೋದಾಗೆಲ್ಲ ಬಿಪಿ ನೋಡಿದರು, ಮಾತ್ರೆ ಬರೆದರು. ನಿದ್ದೆ ಬರ್ತಿದೆಯಾ ಅಂತ ಒಬ್ಬರೂ ಕೇಳಲಿಲ್ಲ.

ಆಮೇಲೆ ಓದಿಕೊಂಡೆ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಖಿನ್ನತೆಗೆ ಜಾರುತ್ತಾರೆ. ಹೃದಯಾಘಾತದ ನಂತರ ಖಿನ್ನತೆ ಬಂದವರು ಆರು ತಿಂಗಳೊಳಗೆ ಸಾಯುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು ಅಂತ 1993ರಲ್ಲೇ ಮಾಂಟ್ರಿಯಲ್‌ನ ಅಧ್ಯಯನವೊಂದು ತೋರಿಸಿತ್ತು. ಉಲ್ಟಾ ದಾರಿಯೂ ಇದೆ: ಖಿನ್ನತೆ ಇರುವವರಿಗೆ ಮುಂದೆ ಹೃದ್ರೋಗ, ಲಕ್ವ ಬರುವ ಅಪಾಯ ಹೆಚ್ಚು. ಈ ಮೂರರ ನಡುವೆ ಓಡಾಡುವ ಒಂದು ತಂತಿಯೇ ಆಕ್ಸಿಡೇಟಿವ್ ಸ್ಟ್ರೆಸ್. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಈ ಪದವನ್ನು ಚಾಲ್ತಿಗೆ ತಂದರು.

ಅಟ್ಟದಲ್ಲಿ ಚಿಪ್ಪಿನೊಳಗೆ ತಿಂಗಳುಗಟ್ಟಲೆ ಇದ್ದರೂ ಚೆನ್ನಾಗಿರುವ ಕೊಬ್ಬರಿ, ಚಿಪ್ಪು ಬಿರುಕು ಬಿಟ್ಟರೆ ಕೆಡುತ್ತೆ. ಹೊರಗಿಟ್ಟ ಮಚ್ಚು ತುಕ್ಕು ಹಿಡಿಯುತ್ತೆ. ಗಾಳಿಯಲ್ಲಿರುವ ಆಮ್ಲಜನಕ ಬದುಕಿಸುವುದೂ ಹೌದು, ಕೆಡಿಸುವುದೂ ಹೌದು. ನಮ್ಮ ಜೀವಕೋಶದ ಮೈಟೊಕಾಂಡ್ರಿಯಾ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಒಂಚೂರು ಸೋರಿ, ಸೂಪರ್‌ಆಕ್ಸೈಡ್‌ನಂಥ ಪುಂಡ ಕಣಗಳಾಗುತ್ತವೆ. ಇವು ಪಕ್ಕದ ಕೊಬ್ಬು, ಪ್ರೋಟೀನು, ಡಿಎನ್‌ಎಯಿಂದ ಎಲೆಕ್ಟ್ರಾನ್ ಕಸಿಯುತ್ತವೆ. ಸ್ವಲ್ಪ ಬೇಕು ಕೂಡ, ರೋಗಾಣು ಕೊಲ್ಲೋಕೆ. ಕಾವಲಿಗೆ ಗ್ಲುಟಾಥಯೋನ್, ಕ್ಯಾಟಲೇಸ್‌ಗಳಿವೆ. ಪುಂಡರ ಕೈ ಮೇಲಾದರೆ ಅದೇ ಆಕ್ಸಿಡೇಟಿವ್ ಸ್ಟ್ರೆಸ್.

ರಕ್ತನಾಳವನ್ನು ಸಡಿಲವಾಗಿಡುವುದು ನೈಟ್ರಿಕ್ ಆಕ್ಸೈಡ್. ಸೂಪರ್‌ಆಕ್ಸೈಡ್ ಅದನ್ನೇ ನುಂಗಿಹಾಕುತ್ತೆ, ನಾಳ ಬಿಗಿಯಾಗುತ್ತೆ. ನಾಳದ ಗೋಡೆಯೊಳಗೆ ಹೊಕ್ಕ ಎಲ್‌ಡಿಎಲ್ ಕೊಲೆಸ್ಟ್ರಾಲ್ ಆಕ್ಸೀಕರಣಗೊಂಡಾಗ ಬಿಳಿ ರಕ್ತಕಣಗಳು ಅದನ್ನು ತಿಂದು ಉಬ್ಬಿ ಅಲ್ಲೇ ಗಡ್ಡೆ ಕಟ್ಟುತ್ತವೆ. ಅದು ಒಡೆದು ಹೆಪ್ಪುಗಟ್ಟಿದ್ದು ಹೃದಯದ ನಾಳದಲ್ಲಾದರೆ ಹೃದಯಾಘಾತ, ಮೆದುಳಿಗೆ ಹೋಗುವ ನಾಳದಲ್ಲಾದರೆ ಲಕ್ವ. ಮೆದುಳಿನ ತೂಕ ದೇಹದ ಶೇ. 2, ಆದರೆ ಬಳಸುವ ಆಮ್ಲಜನಕ ಸುಮಾರು ಶೇ. 20. ಮೇಲಾಗಿ ಅದು ಕೊಬ್ಬಿನ ಅಂಗ, ಕಾವಲೂ ಕಡಿಮೆ. ಹಾಗಾಗಿ ನಿಂತ ರಕ್ತ ಮತ್ತೆ ನುಗ್ಗುವಾಗಲೂ ಹಾನಿ ಆಗುತ್ತೆ.

ಖಿನ್ನತೆ? ಕೊಬ್ಬು, ಡಿಎನ್‌ಎ ಆಕ್ಸೀಕರಣದ ಗುರುತುಗಳು ಖಿನ್ನತೆಯುಳ್ಳವರ ರಕ್ತ-ಮೂತ್ರದಲ್ಲಿ ಸರಾಸರಿ ಹೆಚ್ಚಿರುತ್ತವೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ಅದು ಕಾರಣವೋ ಪರಿಣಾಮವೋ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ. ಉರಿಯೂತ, ಒತ್ತಡದ ಹಾರ್ಮೋನು, ಬೀಡಿ, ಓಡಾಟ ನಿಲ್ಲೋದು, ಬಿಪಿ ಮಾತ್ರೆ ಮರೆಯೋದು ಎಲ್ಲ ಇದರ ಜೊತೆ ಹೆಣೆದುಕೊಂಡಿವೆ.

ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯ್ತಲ್ಲ? ನೋಡಿಯಾಯ್ತು. 2000ದಲ್ಲಿ ಪ್ರಕಟವಾದ ಹೋಪ್ ಪ್ರಯೋಗದಲ್ಲಿ 9,000ಕ್ಕೂ ಹೆಚ್ಚು ಮಂದಿಗೆ ವಿಟಮಿನ್ ಇ ಪರೀಕ್ಷಿಸಿದರು, ಹೃದಯಕ್ಕೆ ಲಾಭವಾಗಲಿಲ್ಲ. 2002ರಲ್ಲಿ ಬ್ರಿಟನ್ನಿನ 20,536 ಜನರ ಪ್ರಯೋಗದಲ್ಲೂ ಅದೇ ಕತೆ. ಲಕ್ವಕ್ಕೆಂದು ತಯಾರಾದ ಎನ್‌ಎಕ್ಸ್‌ವೈ-059 ಔಷಧ 2006ರಲ್ಲಿ ಆಸೆ ಹುಟ್ಟಿಸಿ 2007ರ ದೊಡ್ಡ ಪ್ರಯೋಗದಲ್ಲಿ ಸೋತಿತು. ನಮ್ಮ ಸೀಮೆಯವರಿಗೆ ಇನ್ನೊಂದು ಮಾತು, ಬೈದುಕೊಂಡರೂ ಪರವಾಗಿಲ್ಲ: ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೇಗ ಕಮಟಾಗದಿರೋದು ಅದರ ಕೊಬ್ಬಿನಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಆಗಿರುವುದರಿಂದ. ಹೊಟ್ಟೆಗೆ ಹೋದರೆ ಅದೇ ಗುಣ ಎಲ್‌ಡಿಎಲ್ ಏರಿಸುತ್ತೆ. ವಾಟ್ಸಾಪಿನಲ್ಲಿ ಬರುವ ‘ಅಮೃತ’ದ ಕತೆ ನಂಬಬೇಡಿ.

ತಂತಿಯನ್ನು ಕಾಯಿಸುವುದು ಬೇರೆಯವೇ. ತಂಬಾಕು, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ ಮತ್ತು ಬಿಪಿ, ನಿದ್ದೆಗೇಡು, ಒಲೆಯ ಹೊಗೆ, ಚಿಪ್ಪು ಸುಡುವ ಹೊಗೆ. ಇವುಗಳಲ್ಲಿ ಅರ್ಧ ‘ಜೀವನಶೈಲಿ’ ಅಲ್ಲ, ಬದುಕಿನ ಸ್ಥಿತಿ. ಸಾಲದ ಕಂತು ಎದುರಿಗಿದ್ದಾಗ ‘ಚೆನ್ನಾಗಿ ನಿದ್ದೆ ಮಾಡಿ’ ಅನ್ನುವ ಸಲಹೆ ತಮಾಷೆಯಂತೆ ಕೇಳುತ್ತೆ. ಬೆಲೆ ಕುಸಿದರೆ ಲಕ್ವ ಹೊಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಬೆಳೆಗೆ ಬೆಲೆಯೂ ಆರೋಗ್ಯದ ಪ್ರಶ್ನೆ ಅಂತಿದ್ದೇನೆ.

ಸರ್ಕಾರದ ಕೈಯಲ್ಲಿ ಬಿಡಿಬಿಡಿಯಾಗಿ ಎಲ್ಲವೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯಕೀಯ ಸೇವೆ. ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್ ತುರುವೇಕೆರೆ ತಾಲ್ಲೂಕಿನಲ್ಲೇ ವರ್ಷಗಟ್ಟಲೆ ನಡೆಸಿದೆ, ಅಂದರೆ ಹಳ್ಳಿಯಲ್ಲಿ ಇದು ಆಗದ ಕೆಲಸವೇನಲ್ಲ. ಆದರೆ ಬಿಪಿ ಕೊಠಡಿಗೂ ಮನಸ್ಸಿನ ಕೊಠಡಿಗೂ ನಡುವೆ ಬಾಗಿಲಿಲ್ಲ. ಬಾಗಿಲು ಅಂದರೆ ಎರಡೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸಿತಾ? ಮನಸ್ಸು ಕುಗ್ಗಿತ್ತಾ? ಹೃದ್ರೋಗಿಗಳಿಗೆ ಖಿನ್ನತೆಯ ತಪಾಸಣೆ ಮಾಡಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿದೆ. ಬಿಪಿ ಪಟ್ಟಿ ಕಟ್ಟುವ ನರ್ಸ್ ಅಷ್ಟೇ ಹೊತ್ತಿನಲ್ಲಿ ಕೇಳಬಹುದು.

ದೊಡ್ಡಪ್ಪನಿಗೆ ಆ ಪ್ರಶ್ನೆ ಕೇಳುವವರು ಸಿಕ್ಕಿದ್ದು ಎಂಟು ತಿಂಗಳ ಮೇಲೆ, ಒಂದು ಮಂಗಳವಾರ. ಈಗ ಬಿಪಿ ಮಾತ್ರೆ ಜೊತೆ ಇನ್ನೊಂದು ಮಾತ್ರೆ ಇದೆ. ಬೆಳಿಗ್ಗೆ ತೋಟಕ್ಕೆ ಹೋಗ್ತಾರೆ, ಕಾಯಿ ಕೀಳೋರ ಜೊತೆ ಕೂಲಿಗೆ ಜಗಳ ಆಡ್ತಾರೆ.